ಡ್ರಮ್ಮಿನ ಹವಾಲ್ದಾರರು

ಅವರು ಶ್ರೀನಿವಾಸಪುರದ ಹತ್ತಿರ, ತಮ್ಮ ಮಗಳ ಮನೆಯಲ್ಲಿ ತೀರಿಕೊಂಡರೆಂದು ಹೋದ ತಿಂಗಳು ತಿಳಿಯಿತು. ಅವರ ಹೆಸರನ್ನು ನಾನು ಇಲ್ಲಿ ಬರೆಯುವುದಿಲ್ಲ. ಹೊಗಳಿಕೆಗೆ ಸಂಕೋಚಪಡುವ ಮನುಷ್ಯ ಅವರಾಗಿರಲಿಲ್ಲ. ಬದುಕಿದ್ದರೆ "ಬರೀರಿ ಸ್ವಾಮಿ, ದಪ್ಪಕ್ಷರದಲ್ಲಿ ಬರೀರಿ" ಎನ್ನುತ್ತಿದ್ದರು. ಆದರೆ ಈ ಬರಹದಲ್ಲಿ ಇನ್ನೊಬ್ಬನ ಮಾತೂ ಬರುತ್ತದೆ. ಅವನ ಮನೆಯವರು ಇದೇ ಜಿಲ್ಲೆಯಲ್ಲಿದ್ದಾರೆ. ಒಬ್ಬರ ಹೆಸರು ಹೇಳಿದರೆ ಇನ್ನೊಬ್ಬನ ಹೆಸರು ತಾನಾಗಿಯೇ ಹೊರಬೀಳುತ್ತದೆ. ಆದ್ದರಿಂದ ಕ್ಯಾಂಪಿನಲ್ಲಿ ಎಲ್ಲರೂ ಕರೆಯುತ್ತಿದ್ದಂತೆ ಹವಾಲ್ದಾರರು ಎಂದೇ ಕರೆಯುತ್ತೇನೆ. ಕಂಡದ್ದನ್ನು ಕಂಡ ಕ್ರಮದಲ್ಲಿ ಹೇಳುತ್ತೇನೆ. ಆ ಒಂದು ಬೆಳಗನ್ನು ನೆನೆಯಲು ಈಗಲೂ ನನಗೆ ಭಯ. ಅದಕ್ಕೇ ಆತುರ ಮಾಡುವುದಿಲ್ಲ.

ಯುದ್ಧದ ಕಾಲ. ಜಪಾನಿನವರು ಬರ್ಮಾದೊಳಗೆ ಬಂದಿದ್ದರು. ಕೋಲಾರದ ಹೊರಗೆ, ಬಂಡೆಬೆಟ್ಟದ ಬುಡದಲ್ಲಿ, ಸಿಪಾಯಿಗಳಿಗೆ ತರಬೇತಿ ಕೊಡುವ ಒಂದು ಸಣ್ಣ ಕ್ಯಾಂಪು ಎದ್ದಿತ್ತು. ನಾನು ಮಾಲೂರಿನವನು; ಅಲ್ಲಿ ಗುಂಡು, ಬಟ್ಟೆ, ಬೂಟು ಕೊಡುವ ಸ್ಟೋರಿನ ಗುಮಾಸ್ತನಾಗಿದ್ದೆ. ಹವಾಲ್ದಾರರು ಬಂದೂಕುಗಳ ರಿಪೇರಿಯವರು. ಬಂದೂಕು ಇಡುವ ಕೋಣೆಗೆ ಅಲ್ಲಿ ಕೋತ್ ಎನ್ನುತ್ತಿದ್ದರು. ಆ ಕೋಣೆಗೂ ನನ್ನ ಸ್ಟೋರಿಗೂ ನಡುವೆ ಒಂದು ಗೋಡೆ. ಗೋಡೆಯ ಆ ಕಡೆಯಿಂದ ಬರುತ್ತಿದ್ದ 'ಟಿಕ್, ಟಿಕ್' ಸದ್ದು ಕೇಳುತ್ತ ನಾನು ಯುದ್ಧದ ವರ್ಷಗಳನ್ನು ಕಳೆದೆ.

ಆ ಸದ್ದು ಡ್ರಮ್ಮಿನದು. ಟಾಮಿಗನ್ನು ಎಂಬ ಗಿಡ್ಡ ಬಂದೂಕಿನ ಹೊಟ್ಟೆಯಡಿ ದುಂಡನೆಯ ಒಂದು ಡಬ್ಬಿ ಕೂರುತ್ತದೆ, ಎರಡು ತಟ್ಟೆಗಳನ್ನು ಮುಖಕ್ಕೆ ಮುಖ ಕೂಡಿಸಿದ ಹಾಗೆ. ಅದೇ ಡ್ರಮ್. ಮುಚ್ಚಳ ತೆಗೆದರೆ ಒಳಗೆ ಸುರುಳಿಯಾಗಿ ಸುತ್ತಿಕೊಂಡ ಓಣಿ. ಗುಂಡುಗಳು ಆ ಓಣಿಯಲ್ಲಿ ಸಾಲಾಗಿ ನಿಲ್ಲಬೇಕು. ಗೋಡೆ ಗಡಿಯಾರಕ್ಕೆ ಕೀ ಕೊಡುವಂತೆ ಮುಂದಿನ ಕೀಲಿಯನ್ನು ಸುತ್ತಿದರೆ ನಡುವಿನ ಸ್ಪ್ರಿಂಗು ಬಿಗಿಯುತ್ತದೆ. ಕುದುರೆಯನ್ನು, ಅಂದರೆ ಬೆರಳು ಇಡುವ ಕೀಲನ್ನು, ಒತ್ತಿದಾಗ ಅದು ಗುಂಡುಗಳನ್ನು ಒಂದರ ಹಿಂದೊಂದು ಬಂದೂಕಿನ ಒಳಕ್ಕೆ ತಳ್ಳುತ್ತದೆ. ಆಗಲೇ ಡ್ರಮ್ಮಿನ ಕಾಲ ಮುಗಿಯುತ್ತ ಬಂದಿತ್ತು. ಅದು ಭಾರ, ನಡೆದರೆ ಗಡಗಡ ಸದ್ದು, ಧೂಳು ಹೊಕ್ಕರೆ ನಿಲ್ಲುತ್ತದೆ ಎಂದು ಬೇರೆ ಕಡೆ ಉದ್ದನೆಯ ನೇರ ಡಬ್ಬಿಗಳಿಗೆ ಬದಲಾಯಿಸಿದ್ದರು. ಅವರು ಬೇಡವೆಂದು ಬಿಟ್ಟದ್ದು ನಮಗೆ ಬಂತು. ಪೆಟ್ಟಿಗೆ ಬಿಚ್ಚಿದಾಗ ಕೆಲವು ತುಕ್ಕು ಹಿಡಿದಿದ್ದವು, ಕೆಲವುಗಳ ಮುಚ್ಚಳ ಸೊಟ್ಟಗಾಗಿತ್ತು.

ಹವಾಲ್ದಾರರು ಅವುಗಳನ್ನು ನೋಡಿ ಮೀಸೆ ತಿರುವಿದರು. "ನೋಡಿ ಸ್ವಾಮಿ, ಸೀಮೇಲೆಲ್ಲ ಸುತ್ತಿ ಕೊನೇಗೆ ಡಾಕ್ಟ್ರ ಮನೇಗೆ ಬಂದವೆ."

"ಎಷ್ಟು ಉಳಿಯುತ್ತವೆ?" ಎಂದೆ.

"ಉಳಿಯೋದಾ? ಎಲ್ಲಾ ಓಡ್ತವೆ. ನಾನಿರೋದು ಯಾಕೆ?"

ಎಲ್ಲವೂ ಓಡಿದವು. ಅದನ್ನು ಅವರು ಯಾರಿಗೂ ಮರೆಯಲು ಬಿಡಲಿಲ್ಲ. ಕ್ಯಾಂಟೀನಿನಲ್ಲಿ, ಸಂಬಳದ ಸಾಲಿನಲ್ಲಿ, ಕ್ಷೌರದವನ ಮುಂದೆ ಕೂತಾಗಲೂ ಅದೇ ಮಾತು. ಅವರು ದೊಡ್ಡ ಜಂಬದ ಮನುಷ್ಯ. ಇದನ್ನು ನಾನು ದೂರಾಗಿ ಹೇಳುತ್ತಿಲ್ಲ. ಜಂಬಕ್ಕೆ ತಕ್ಕ ಕೆಲಸ ಹಿಂದಿದ್ದರೆ ಅದನ್ನು ಕೇಳುವುದೂ ಒಂದು ಸುಖವೆಂದು ನನಗೆ ಗೊತ್ತಾದದ್ದು ಅವರಿಂದ.

ಅವರು ಗೌನಿಪಲ್ಲಿ ಕಡೆಯವರು. ಸಿಟ್ಟು ಬಂದರೆ ಕನ್ನಡ, ಪ್ರೀತಿ ಬಂದರೆ ತೆಲುಗು. ನನ್ನ ಊರನ್ನು ಆಡಿಕೊಳ್ಳದೆ ಅವರಿಗೆ ಮಧ್ಯಾಹ್ನದ ಊಟ ಸೇರುತ್ತಿರಲಿಲ್ಲ. "ನಿಮ್ ಮಾಲೂರಲ್ಲಿ ಏನಿದೆ ಸ್ವಾಮಿ? ಮಣ್ಣು, ಇಟ್ಟಿಗೆ. ನಮ್ ಕಡೆ ಬನ್ನಿ, ಮಾವಿನಹಣ್ಣು ತಿಂದ ಕೈಯ ಮೂರು ದಿನ ಮೂಸ್ತಾ ಕೂತ್ಕೋಬೋದು."

"ಆ ಕೈಯಲ್ಲಿ ಡ್ರಮ್ಮು ಹೆಂಗೆ ಮುಟ್ತೀರಿ ಹವಾಲ್ದಾರ್ರೇ?"

"ಅದಕ್ಕೇ ನಾನು ಬೇಸಗೇಲಿ ರಜ ಹಾಕೋದು."

ಕೈಯ ವಿಷಯದಲ್ಲಿ ಅವರು ಮಡಿವಂತರಿಗಿಂತ ಹೆಚ್ಚು. ಕೆಲಸದ ಹೊತ್ತಿನಲ್ಲಿ ಯಾರಾದರೂ ಕೈ ಕುಲುಕಲು ಬಂದರೆ ಮೊಣಕೈ ಮುಂದೆ ಮಾಡುತ್ತಿದ್ದರು. "ಬೆವರು. ನಿಮ್ ಬೆವರು ನನ್ ಕೈಗೆ, ನನ್ ಕೈಯಿಂದ ಗುಂಡಿಗೆ. ಆಮೇಲೆ ತುಕ್ಕು ಬಂತು ಅಂತ ಕಾಗದ ಬರೆಯೋರು ನೀವೇ." ತಲೆಗೆ ಎಣ್ಣೆ ಹಚ್ಚಿಕೊಂಡ ದಿನ ಡ್ರಮ್ಮಿನ ಹತ್ತಿರ ಸುಳಿಯುತ್ತಿರಲಿಲ್ಲ. ಒಳಭಾಗವನ್ನು ಒರೆಸಲು ಹಳೆಯ ರೇಷ್ಮೆ ಸೀರೆಯ ತುಂಡೊಂದನ್ನು ಇಟ್ಟುಕೊಂಡಿದ್ದರು. ಅದು ಹೆಂಡತಿಯ ಧಾರೆ ಸೀರೆಯ ತುಂಡೆಂದು ಒಮ್ಮೆ ಹೇಳಿದರು, ಅತ್ತೆಯದೆಂದು ಇನ್ನೊಮ್ಮೆ. ಯಾವುದು ನಿಜವೋ ನನಗೆ ಗೊತ್ತಿಲ್ಲ.

ಕಿವಿಯೂ ಹಾಗೆಯೇ. ಯಾರಾದರೂ ಡ್ರಮ್ ಸುತ್ತುತ್ತಿದ್ದರೆ ಪಕ್ಕದಲ್ಲಿ ಕುಕ್ಕರುಗಾಲಲ್ಲಿ ಕೂತು, ಕತ್ತು ಓರೆ ಮಾಡಿ ಕೇಳುತ್ತಿದ್ದರು. ಸದ್ದು ಒಣಗಿದ ಹುಣಸೆಬೀಜ ಕಲ್ಲಿಗೆ ಬಿದ್ದಂತಿರಬೇಕು. ಒದ್ದೆ ಬೀಜ ಬಿದ್ದಂತಿದ್ದರೆ "ಬಿಚ್ಚೋ" ಎನ್ನುತ್ತಿದ್ದರು. ಕದ್ದು ಪರೀಕ್ಷೆ ಮಾಡೋಣವೆಂದು ನಾನು ಒಮ್ಮೆ ಗೋಡೆಯ ಈ ಕಡೆಯಿಂದ ಕೆಟ್ಟ ಡ್ರಮ್ಮೊಂದನ್ನು ಸುತ್ತಿದೆ. ಅವರು ಆ ಕಡೆಯಿಂದ "ಪಷ್ಟಾಗಿದೆ" ಎಂದು ಕೂಗಿದರು. ತಪ್ಪೆಂದು ತಿಳಿದ ಮೇಲೆ ಆ ವಾರವೆಲ್ಲ ನನ್ನೊಡನೆ ಮಾತಿಲ್ಲ. ಗೋಡೆಯದೇ ತಪ್ಪು ಎಂದು ಕೊನೆಗೆ ತೀರ್ಮಾನಿಸಿ ರಾಜಿಯಾದರು.

ಅವರು ಪಾಠ ಹೇಳಿದ ರೀತಿಯನ್ನು ಮಾತ್ರ ನಾನು ಮರೆಯುವ ಹಾಗಿಲ್ಲ. ಬಂದ ಹುಡುಗರು ಮುಳಬಾಗಿಲು, ಶ್ರೀನಿವಾಸಪುರ, ಮಾಲೂರು ಕಡೆಯ ಬೇಸಾಯದ ಮನೆಯವರು. ತರಬೇತಿಯ ಹೊಣೆ ಹೊತ್ತಿದ್ದ ಸುಬೇದಾರರು ಗೋಡೆಗೆ ಇಂಗ್ಲಿಷ್ ಚಿತ್ರಪಟವೊಂದನ್ನು ನೇತುಹಾಕಿ ಡ್ರಮ್ಮಿನ ಭಾಗಗಳನ್ನು ಹೇಳಿಕೊಟ್ಟರು. ಯಾರ ತಲೆಗೂ ಹತ್ತಲಿಲ್ಲ. ಮರುದಿನ ಹವಾಲ್ದಾರರು ಹತ್ತಿರದ ಹಳ್ಳಿಯಿಂದ ಒಂದು ಚಂದ್ರಿಕೆಯನ್ನು ತಲೆಯ ಮೇಲೆ ಹೊತ್ತು ತಂದರು. ಚಂದ್ರಿಕೆಯೆಂದರೆ ರೇಷ್ಮೆಹುಳ ಗೂಡು ಕಟ್ಟುವ ಬಿದಿರಿನ ತಟ್ಟಿ. ಅದರ ಮೇಲೆ ಬಿದಿರ ಪಟ್ಟಿಯನ್ನು ಸುರುಳಿ ಸುರುಳಿಯಾಗಿ ನಿಲ್ಲಿಸಿರುತ್ತಾರೆ. ಅದನ್ನು ಗೋಡೆಗೆ ಒರಗಿಸಿ, ಪಕ್ಕದಲ್ಲಿ ಮುಚ್ಚಳ ತೆಗೆದ ಡ್ರಮ್ಮನ್ನಿಟ್ಟರು.

"ಇದೇನ್ಲಾ?"

"ಚಂದ್ರಿಕೆ, ಹವಾಲ್ದಾರ್ ಸಾಬ್."

"ಇದು?"

ನಂಗಲಿಯ ಹುಡುಗನೊಬ್ಬ ಕಿಸಕ್ಕನೆ ನಕ್ಕ. "ಕಬ್ಬಿಣದ ಚಂದ್ರಿಕೆ!"

"ಹಾಂ! ನಿನ್ನ ಹೆತ್ತೋಳ ಹೊಟ್ಟೆ ತಣ್ಣಗಿರ್ಲಿ. ಹುಳ ಬಿಡೋ ಮುಂಚೆ ಅವ್ವ ನಿಂಗೆ ಏನ್ ಹೇಳ್ತಾಳೆ?"

"ಕೈ ತೊಳ್ಕೋ ಅಂತಾಳೆ. ಹೊಗೆಸೊಪ್ಪು ಮುಟ್ಟಿದ್ರೆ ಹತ್ರ ಬರ್ಬೇಡ ಅಂತಾಳೆ. ಎಣ್ಣೆ ಕೈ ಬೇಡ. ಒತ್ತಿ ಹಿಡೀಬೇಡ. ಗುಂಪಾಗಿ ಬಿಡ್ಬೇಡ."

"ಆಯ್ತು ಕಣ್ರೋ, ಪಾಠ ಮುಗೀತು. ಇದಕ್ಕೂ ಅಷ್ಟೇ."

ಆ ದಿನದಿಂದ ಹುಡುಗರು ಡ್ರಮ್ ತುಂಬುವುದಕ್ಕೆ 'ಹುಳ ಬಿಡೋದು' ಎಂದರು. ಗುಂಡನ್ನು ಬೆರಳ ತುದಿಯಲ್ಲಿ ಎತ್ತಿ ನೆಟ್ಟಗೆ ನಿಲ್ಲಿಸುವುದನ್ನು ಅವರು ಕಲಿಯಬೇಕಾಗಿರಲಿಲ್ಲ. ಅದು ಮನೆಯಿಂದಲೇ ಬಂದಿತ್ತು. ಹವಾಲ್ದಾರರು ಸಾಲಿನ ಹಿಂದೆ ಓಡಾಡುತ್ತ, "ನನ್ ಹುಡುಗ್ರು ಸ್ವಾಮಿ, ನೋಡಿ ಕೈಯ" ಎಂದು ನನಗೆ ಕೇಳುವಂತೆ ಹೇಳುತ್ತಿದ್ದರು. ಅವರಲ್ಲೆಲ್ಲ ಆ ನಂಗಲಿಯವನ ಕೈ ಮೃದು. ಅದನ್ನೂ ಅವರು ಹತ್ತು ಜನಕ್ಕೆ ಸಾರಿದ್ದರು.

ಆಯುಧಪೂಜೆ ಬಂತು. ಅಷ್ಟರಲ್ಲಿ ಆ ಹುಡುಗರು ಬರ್ಮಾ ಗಡಿಗೆ ಹೋಗುವುದು ಗೊತ್ತಾಗಿತ್ತು. ಪೂಜೆಯ ಮರುದಿನ ಬೆಳಗ್ಗೆ ಮೇಜರರೊಬ್ಬರು ಬಂದು ಅವರ ಗುರಿ ನೋಡುವವರಿದ್ದರು. ಬಂದೂಕುಗಳನ್ನು ಸಾಲಾಗಿಟ್ಟು ಚೆಂಡುಹೂವು ಮುಡಿಸಿದೆವು. ಕುಂಕುಮವನ್ನು ಹಿಡಿಯ ಮರಕ್ಕೆ ಮಾತ್ರ ಇಡಬೇಕೆಂದು ಹವಾಲ್ದಾರರ ಕಟ್ಟಪ್ಪಣೆ. "ದೇವ್ರು ಮರದ ಮೇಲೆ ಕೂತ್ಕೊಳ್ಳಲಿ. ಒಳಗಡೆ ನಾನಿದ್ದೀನಿ" ಎಂದರು. ಪೂಜೆ ಮಾಡುತ್ತಿದ್ದ ಅಡುಗೆ ಭಟ್ಟರು ಬಾಯಲ್ಲಿದ್ದ ಮಂತ್ರ ಬಿಟ್ಟು ನಕ್ಕುಬಿಟ್ಟರು.

ಆ ದಿನ ನಂಗಲಿಯವನ ತಾಯಿ ಕ್ಯಾಂಪಿನ ಬಾಗಿಲಿಗೆ ಬಂದಿದ್ದಳು. ತಮ್ಮೂರ ದೇವತೆಯ ಕುಂಕುಮವನ್ನು ಎಲೆಯಲ್ಲಿ ಕಟ್ಟಿ ತಂದು ಮಗನ ಕೈಗಿಟ್ಟದ್ದನ್ನು ನಾನೇ ನೋಡಿದೆ. ಒಳಗೆ ಬಿಡುವ ಹಾಗಿರಲಿಲ್ಲ. ಬೇಲಿಯ ಆಚೆ ನಿಂತು ಮಗನ ಮುಖವನ್ನು ಒಂದಿಷ್ಟು ಹೊತ್ತು ನೋಡಿ ಹೋದಳು.

ಮರುದಿನ ಬೆಳಗ್ಗೆ ಗುಂಡುಗಳನ್ನು ಕೊಟ್ಟವನು ನಾನು. ಅವು ಒಣಗಿದ್ದವು, ಹೊಳೆಯುತ್ತಿದ್ದವು. ಹುಡುಗರು ಜಗಲಿಯಲ್ಲಿ ಚಾಪೆ ಹಾಸಿಕೊಂಡು ಡ್ರಮ್ ತುಂಬಿದರು. ಹವಾಲ್ದಾರರು ಒಬ್ಬೊಬ್ಬರ ಪಕ್ಕದಲ್ಲೂ ಕೂತು ಸುತ್ತುವ ಸದ್ದು ಕೇಳುತ್ತ ಬಂದರು. ನಂಗಲಿಯವನು ಸಾಲಿನ ಕೊನೆಯಲ್ಲಿದ್ದ. ಹವಾಲ್ದಾರರು ಅವನ ಹತ್ತಿರ ಬರುವುದಕ್ಕೂ ಮೇಜರರ ಮೋಟಾರು ಜಗಲಿಯ ಪಕ್ಕಕ್ಕೆ ಬಂದು ನಿಲ್ಲುವುದಕ್ಕೂ ಸರಿಹೋಯಿತು. ಡ್ರೈವರು ಎಂಜಿನ್ ನಿಲ್ಲಿಸಲಿಲ್ಲ. ಹವಾಲ್ದಾರರು ಬಗ್ಗಿದರು, ಕಿವಿಯನ್ನು ಡ್ರಮ್ಮಿಗೆ ತಾಗುವಷ್ಟು ಹತ್ತಿರ ತಂದರು, ಹುಬ್ಬು ಗಂಟಿಕ್ಕಿದರು. ಸುಬೇದಾರರು "ಬೇಗ, ಬೇಗ" ಎಂದು ಕೂಗಿದರು. ಹವಾಲ್ದಾರರು ಎದ್ದು ಹುಡುಗನ ಬೆನ್ನು ತಟ್ಟಿ ಕಳಿಸಿದರು.

ಗುರಿಯ ಹಲಗೆಗಳು ಬೆಟ್ಟದ ಬುಡದ ಮಣ್ಣುದಿಬ್ಬದ ಮುಂದಿದ್ದವು. ಮೇಜರರು, ಸುಬೇದಾರರು, ಹವಾಲ್ದಾರರು, ನಾನು, ಇನ್ನು ಕೆಲವರು ಹಿಂದೆ ನಿಂತಿದ್ದೆವು. ನಂಗಲಿಯವನ ಸರದಿ ಬಂತು. ಮೊದಲ ಕೆಲವು ಗುಂಡುಗಳು ಒಟ್ಟಿಗೆ ಹಾರಿದವು. ಆಮೇಲೆ ಗಡಕ್ಕೆಂದು ನಿಂತುಬಿಟ್ಟಿತು.

ಬಂದೂಕು ನಿಂತರೆ ಬಾಯಿ ದಿಬ್ಬದ ಕಡೆಗೇ ಇರಬೇಕು, ಬೆರಳು ಕುದುರೆಯಿಂದ ಹೊರಗೆ ಬರಬೇಕು. ಅವನಿಗೆ ಅದು ಗೊತ್ತಿತ್ತು. ಆದರೆ ಅವನು ಹವಾಲ್ದಾರರನ್ನು ಹುಡುಕುತ್ತ, ಬಂದೂಕಿನ ಸಮೇತ ಹಿಂದಕ್ಕೆ ತಿರುಗಿದ. ಬಂದೂಕಿನ ಬಾಯಿ ಒಂದು ಕಪ್ಪು ಚುಕ್ಕೆ. ಅದು ಮೊದಲು ಮೇಜರರ ಮೇಲೆ ಹಾದುಹೋಯಿತು. ಆಮೇಲೆ ನನ್ನ ಮೇಲೆ ಬಂದು ನಿಂತಿತು. ಅವನ ಬೆರಳು ಕುದುರೆಯನ್ನು ಒತ್ತಿಯೇ ಇತ್ತು. ಗುಂಡೊಂದು ಓರೆಯಾಗಿ ಸಿಕ್ಕಿ ಒಳಗಿನ ಕಬ್ಬಿಣವನ್ನು ತಡೆದು ನಿಲ್ಲಿಸಿತ್ತು, ಅಷ್ಟೆ. ಅದು ಒಮ್ಮೆ ಜಾರಿದ್ದರೆ ಉಳಿದದ್ದೆಲ್ಲ ನಮ್ಮ ಕಡೆ ಬರುತ್ತಿತ್ತು.

"ಬಂದೂಕು ತಿರುಗ್ಸೋ!" ಎಂದು ಸುಬೇದಾರರು ಅರಚಿದರು. ಆ ಕೂಗಿಗೆ ಹುಡುಗನ ಕೈ ಇನ್ನೂ ಬಿಗಿಯಿತು. ಬೆರಳಿನ ಗಿಣ್ಣು ಬೆಳ್ಳಗಾದದ್ದು ನನಗೆ ಕಂಡಿತು.

ಹವಾಲ್ದಾರರು ಸುಬೇದಾರರ ತೋಳನ್ನು ಮೆಲ್ಲಗೆ ಅದುಮಿ ಸುಮ್ಮನಿರಿಸಿದರು. ಓಡಲಿಲ್ಲ. ಪಕ್ಕದಿಂದ, ಕೊಟ್ಟಿಗೆಯಲ್ಲಿ ಹೊಸ ಕರುವಿನ ಹತ್ತಿರ ಹೋಗುವವರಂತೆ ನಡೆದರು.

"ಏಮಿರಾ ನಂಗಲಿ, ಹುಳ ಹಣ್ಣಾಯ್ತಾ?"

ಹುಡುಗ ಕಣ್ಣು ಮಿಟುಕಿಸಿದ. "ಅನ್ನಾ, ಕದಲಡಂ ಲೇದು... ಅಲ್ಲಾಡ್ತಿಲ್ಲ ಅನ್ನಾ."

"ಅಲ್ಲಾಡದಿದ್ರೆ ಬಿಡು ರಾ, ಅದಕ್ಕೇನು ಅವಸ್ರ? ನಾನ್ ಕೇಳಿದ್ದಕ್ಕೆ ಹೇಳು. ಹುಳ ಹಣ್ಣಾಗಿದ್ದು ನಿಮ್ಮನೇಲಿ ಹೆಂಗೆ ಗೊತ್ತಾಗುತ್ತೆ?"

"ಮೈ... ಮೈ ಹೊಳಪು ಬರುತ್ತೆ. ಸೊಪ್ಪು ತಿನ್ನೋದು ಬಿಡುತ್ತೆ, ಗೂಡು ಕಟ್ಟೋಕೆ ತಯಾರಾಗುತ್ತೆ."

"ಅವನ್ನ ಆಯ್ದು ಚಂದ್ರಿಕೆಗೆ ಬಿಡೋರು ಯಾರು?"

"ಅಮ್ಮ. ನಾನೂನೂ."

"ನಿನ್ ಮೊಕಕ್ಕೆ! ನೀನು ಆಯ್ತೀಯಾ? ಒತ್ತಿ ಹಿಡಿದು ಸಾಯಿಸ್ತೀಯ."

"ಇಲ್ಲ ಅನ್ನಾ, ಒತ್ತಲ್ಲ."

"ಮತ್ತೆ ಹೆಂಗೆ ಎತ್ತೋದು? ತೋರ್ಸು. ಅದೇ ಬೆರಳಲ್ಲಿ ತೋರ್ಸು, ಮೆಲ್ಲಗಾ."

ಬೆರಳು ಕುದುರೆಯನ್ನು ಬಿಟ್ಟು ಹೊರಗೆ ಬಂತು. ಹೆಬ್ಬೆರಳೂ ಅದೂ ಒಂದಕ್ಕೊಂದು ತಾಗಿಯೂ ತಾಗದಂತೆ ಗಾಳಿಯಲ್ಲಿ ಏನನ್ನೋ ಎತ್ತಿದವು. ಅಷ್ಟರಲ್ಲಿ ಹವಾಲ್ದಾರರ ಎಡಗೈ ಬಂದೂಕಿನ ಕೆಳಗಿತ್ತು. ಕಪ್ಪು ಚುಕ್ಕೆ ನನ್ನ ಎದೆಯಿಂದ ಸರಿದು, ನೆಲದ ಮೇಲೆ ಹಾದು, ದಿಬ್ಬದ ಕಡೆ ಹೋಯಿತು.

ಅವರು ದಿಬ್ಬಕ್ಕೆ ಮುಖ ಮಾಡಿ ಮಂಡಿಯೂರಿ, ಬಂದೂಕಿನ ಮೇಲಿದ್ದ ಸಣ್ಣ ಹಿಡಿಕೆಯನ್ನು ಹಿಂದಕ್ಕೆಳೆದು, ಡ್ರಮ್ಮನ್ನು ಪಕ್ಕಕ್ಕೆ ಜಾರಿಸಿ ತೆಗೆದರು. ಸಿಕ್ಕಿಕೊಂಡಿದ್ದ ಗುಂಡು ಅವರ ಅಂಗೈಗೆ ಉರುಳಿತು. ಅದರ ಮೈ ಮೇಲೆ ಒಂದು ಕೆಂಪು ಬೊಟ್ಟಿತ್ತು.

ನೆಲಕ್ಕೆ ಹಾಸಿದ್ದ ಕ್ಯಾನ್ವಾಸಿನ ಮೇಲೆ ಡ್ರಮ್ಮನ್ನು ಬಿಚ್ಚಿದರು. ಮುಚ್ಚಳ ಎತ್ತಿದೊಡನೆ ಎಲ್ಲರಿಗೂ ಕಂಡಿತು. ಹುಡುಗ ತಾಯಿ ಕೊಟ್ಟ ಕುಂಕುಮವನ್ನು ದೀಪದ ಎಣ್ಣೆಯಲ್ಲಿ ಕಲಸಿಟ್ಟುಕೊಂಡು, ಸಾಲಿನ ಕೊನೆಯಲ್ಲಿ ಕೂತು ತುಂಬುವಾಗ ಒಂದೊಂದು ಗುಂಡಿಗೂ ಬೊಟ್ಟಿಟ್ಟಿದ್ದ. ಅದು ಓಣಿಯ ಗೋಡೆಗೆಲ್ಲ ಮೆತ್ತಿ, ಅಂಟಾಗಿ ಹಿಡಿದಿತ್ತು.

ಮೇಜರರು ಮೈಸೂರು ಕಡೆಯವರು, ಮೆತ್ತಗೆ ಮಾತಾಡುವವರು. "ಇದು ಯಾರ ತಪ್ಪು?" ಎಂದು ಕೇಳಿದರು.

ಹವಾಲ್ದಾರರು ಎದ್ದು ನಿಂತರು. "ಎರಡು ತಪ್ಪು ಸಾಹೇಬ್ರೇ. ಬೊಟ್ಟಿಟ್ಟಿದ್ದು ಅವನ ತಪ್ಪು. ಮೋಟಾರು ಸದ್ದಲ್ಲಿ ಸುತ್ತೋದು ಕೇಳಿಸ್ಲಿಲ್ಲ, ಕೇಳಿಸ್ಲಿಲ್ಲ ಅಂತ ಗೊತ್ತಿದ್ದೂ ಕಳಿಸ್ದೆ, ಅದು ನನ್ ತಪ್ಪು. ಎರಡನ್ನೂ ಬೇರೆ ಬೇರೆ ಇಟ್ಕೊಳ್ಳಿ. ಅವನ್ದು ನನ್ ಮೇಲೆ ಹಾಕ್ಬೇಡಿ, ನನ್ದು ಅವನ್ ಮೇಲೆ ಹಾಕ್ಬೇಡಿ."

"ನಿಮ್ಮದನ್ನು ಆಮೇಲೆ ನೋಡೋಣ. ಇವನನ್ನು ಮನೆಗೆ ಕಳಿಸಿ. ಇವನು ದಳದ ಜೊತೆ ಹೋಗುವುದು ಬೇಡ."

ಹುಡುಗ ಅಳಲಿಲ್ಲ. "ಊರಿಗೆ ಯಾವ ಮೊಕ ಇಟ್ಕೊಂಡು ಹೋಗ್ಲಿ?" ಎಂದು ಯಾರನ್ನೂ ನೋಡದೆ ಹೇಳಿದ. ಅದು ನನಗೆ ಕೇಳಿಸಿತು, ಮೇಜರರಿಗೂ ಕೇಳಿಸಿರಬೇಕು.

"ಸಾಹೇಬ್ರೇ," ಎಂದರು ಹವಾಲ್ದಾರರು, "ಒಂದು ಕೇಳ್ಕೋತೀನಿ. ಇವನು ಈಗ್ಲೇ, ಇಲ್ಲೇ, ಇದೇ ಡ್ರಮ್ಮ ತೊಳೆದು ತುಂಬಿ ಹೊಡೀಲಿ. ಒಂದೇ ಒಂದು ಗುಂಡು ನಿಂತ್ರೂ ಅವನ ಜೊತೆ ನನ್ನೂ ಮನೆಗೆ ಕಳಿಸಿ."

"ಮತ್ತೆ ಅವನ ಕೈಗೆ ಬಂದೂಕು ಕೊಡಬೇಕೆ?"

"ಈವತ್ತು ಈ ಕ್ಯಾಂಪಲ್ಲಿ ಅವನಷ್ಟು ಎಚ್ಚರವಾಗಿರೋನು ಇನ್ನೊಬ್ಬ ಇಲ್ಲ. ನನ್ನನ್ನೂ ಸೇರಿಸಿ ಹೇಳ್ತಿದ್ದೀನಿ."

ಮೇಜರರು ಜಗಲಿಯ ಕಡೆ ತಿರುಗಿ, "ಆ ಎಂಜಿನ್ ನಿಲ್ಲಿಸೋ" ಎಂದು ಡ್ರೈವರಿಗೆ ಕೂಗಿ ಹೇಳಿದರು.

ಸೀಮೆಎಣ್ಣೆ, ಬಟ್ಟೆ ಬಂತು. ಹುಡುಗ ಓಣಿಯ ಸುತ್ತುಗಳನ್ನು ಒರೆಸಿದ, ಒಣಗಿಸಿದ, ಮತ್ತೆ ಒರೆಸಿದ. ಗುಂಡುಗಳ ಬಳಿ ಬಂದಾಗ ಅವನ ಕೈ ನಿಂತಿತು. ಅಮ್ಮನ ಬೊಟ್ಟನ್ನು ಅಳಿಸಲು ಅವನಿಗಾಗಲಿಲ್ಲ.

"ಎಲ್ಲಿ, ಇನ್ನೂ ಉಳಿದಿದೆಯಾ ಅದು?" ಎಂದರು ಹವಾಲ್ದಾರರು.

ಅವನು ಜೇಬಿನಿಂದ ಎಲೆಯ ಪೊಟ್ಟಣ ತೆಗೆದ. ನನ್ನ ಕಣ್ಣನ್ನು ನಾನೇ ನಂಬಲಿಲ್ಲ. ಯಾರ ಬೆವರನ್ನೂ ಸೋಕಿಸಿಕೊಳ್ಳದ ಆ ಬೆರಳನ್ನು ಅವರು ಎಣ್ಣೆಯ ಕುಂಕುಮದಲ್ಲಿ ಅದ್ದಿ, ಹುಡುಗನ ಹಣೆಗೆ ಅಗಲವಾಗಿ ಇಟ್ಟರು.

"ನಿಮ್ಮಮ್ಮ ಇದನ್ನ ತಂದಿದ್ದು ನಿಂಗೆ ಕಣೋ, ಗುಂಡಿಗಲ್ಲ. ಈಗ ಅವನ್ನೆಲ್ಲ ಒರ್ಸು. ನನ್ ಕೈ ಕೆಟ್ಟೋಯ್ತು. ಇನ್ನು ನಾನು ಡ್ರಮ್ಮು ಮುಟ್ಟಂಗಿಲ್ಲ. ಎಲ್ಲಾ ನೀನೇ ಮಾಡ್ಬೇಕು."

ಕೈಗಳನ್ನು ಬೆನ್ನ ಹಿಂದೆ ಕಟ್ಟಿಕೊಂಡು ನಿಂತರು. ಹುಡುಗ ಒಬ್ಬನೇ ತುಂಬಿದ. ಒಂದೊಂದು ಗುಂಡನ್ನೂ ಬೆರಳ ತುದಿಯಿಂದ ಎತ್ತಿ, ನೆಟ್ಟಗೆ ನಿಲ್ಲಿಸಿ, ಮುಂದಿನದಕ್ಕೆ ಹೋದ. ಮುಚ್ಚಳ ಹಾಕಿದ. ಕೀಲಿ ಸುತ್ತಿದ. ಮೈದಾನವೆಲ್ಲ ಎಷ್ಟು ನಿಶ್ಶಬ್ದವಾಗಿತ್ತೆಂದರೆ ಒಂದೊಂದು 'ಟಿಕ್'ಗೂ ಬಂಡೆಯಿಂದ ಇನ್ನೊಂದು 'ಟಿಕ್' ಬರುವಂತೆ ನನಗನ್ನಿಸಿತು. ಹವಾಲ್ದಾರರು ಕತ್ತು ಓರೆ ಮಾಡಿ ಕೇಳಿದರು. ಗದ್ದದಿಂದ ದಿಬ್ಬದ ಕಡೆ ತೋರಿಸಿದರು. ಹೋಗಿ ಅವನ ಪಕ್ಕದಲ್ಲೇ ನಿಂತರು.

ಹುಡುಗ ಹೊಡೆದ. ನಿಲ್ಲುತ್ತದೆ, ಈಗ ನಿಲ್ಲುತ್ತದೆ ಎಂದು ನಾನು ಹಲ್ಲು ಕಚ್ಚಿ ಕಾದೆ. ನಿಲ್ಲಲಿಲ್ಲ. ಸದ್ದು ಬೆಟ್ಟಕ್ಕೆ ಬಡಿದು ಹಿಂದಿರುಗಿ, ಮುಂದಿನ ಸದ್ದಿಗೆ ಸೇರಿ, ಒಂದೇ ಉದ್ದನೆಯ ಸದ್ದಾಗಿ ಹರಿಯಿತು. ಕೊನೆಯ ಗುಂಡಿನ ಖಾಲಿ ಚಿಪ್ಪು ಕಲ್ಲಿನ ಮೇಲೆ ಕಿಣಿ ಎಂದಿತು. ಹುಡುಗನ ಬೆರಳು ತಾನಾಗಿ ಹೊರಗೆ ಬಂತು; ಬಂದೂಕಿನ ಬಾಯಿ ದಿಬ್ಬದ ಕಡೆಯೇ ಇತ್ತು.

ಮೇಜರರು ಸುಬೇದಾರರಿಗೆ, "ಅವನು ದಳದ ಜೊತೆಗೇ ಹೋಗಲಿ" ಎಂದರು. ಹವಾಲ್ದಾರರ ತಪ್ಪಿನ ಮಾತನ್ನು ಅವರು ಮತ್ತೆ ಎತ್ತಿದ್ದು ನನಗೆ ತಿಳಿದಿಲ್ಲ.

ಹುಡುಗ ಬಂದೂಕನ್ನು ಕ್ಯಾನ್ವಾಸಿನ ಮೇಲಿಟ್ಟ. ಹಣೆಯ ಕುಂಕುಮ ಬೆವರಿಗೆ ಇಳಿದು ಮೂಗಿನ ಮೇಲೆ ಬಂದಿತ್ತು. ಹವಾಲ್ದಾರರ ಕಾಲಿಗೆ ಬೀಳಲು ಬಗ್ಗಿದ. ಅವರು ಕಾಲನ್ನು ಹಿಂದಕ್ಕೆಳೆದುಕೊಂಡರು. ನನ್ನ ಕಡೆ, ಮೇಜರರ ಕಡೆ, ಸಾಲಿನಲ್ಲಿ ನಿಂತಿದ್ದ ಹುಡುಗರೆಲ್ಲರ ಕಡೆ ಒಮ್ಮೆ ನೋಡಿದರು. ಅಂಥ ಜಂಬವನ್ನು ನಾನು ಇನ್ನಾವ ಮುಖದಲ್ಲೂ ಕಂಡಿಲ್ಲ.

"ಕಾಲು ಆಮೇಲೆ ಹಿಡ್ಕೊಳ್ಳುವಂತೆ ಕಣೋ," ಎಂದರು. "ಮೊದ್ಲು ಡ್ರಮ್ಮು ಬಿಚ್ಚು. ಒಳಗೆ ಮಸಿ ಕೂತಿರುತ್ತೆ."